ಉದುರಿದ್ದು, ಉದುರಿಸಿದ್ದು

ಮಾಯೆಬೂರಿನ ಜಿಲ್ಲಾ ಕೋರ್ಟಿನಲ್ಲಿ
ಇಪ್ಪತ್ತಾರು ವರ್ಷದಿಂದ ನಾನು ದುಭಾಷಿ.
ಜನ ಕ್ರಿಯೋಲ್‌ನಲ್ಲಿ ಜಗಳಾಡುತ್ತಾರೆ,
ಕಾನೂನು ಫ್ರೆಂಚಿನಲ್ಲಿ ಕೂತಿರುತ್ತದೆ,
ತೀರ್ಪು ಇಂಗ್ಲಿಷಿನಲ್ಲಿ ಎದ್ದು ನಿಲ್ಲುತ್ತದೆ.
ನಡುವೆ ನನ್ನದೊಂದು ನಾಲಿಗೆ,
ಮಧ್ಯಾಹ್ನದ ಹೊತ್ತಿಗೆ ಒಣಮೀನು.

ಮೊನ್ನೆಯ ಮೊಕದ್ದಮೆ ಒಂದು ಮರದ್ದು.
ಮುದುಕಿ ಯೊಲೆನ್ ಕ್ಯುಪಿಡೋನಳ ದೀವಿಹಲಸು
ಗೋಡೆಗೆ ಮೊಣಕೈ ಊರಿ
ಸ್ವಾಲೆ ಪೀರ್ಬಕ್ಸನ ಅಂಗಳಕ್ಕೆ ಬಗ್ಗಿತ್ತು.
ಬಿರುಗಾಳಿಯ ಮರುದಿನ ಹದಿನಾಲ್ಕು ಕಾಯಿ ಅವನ ಕಡೆ.
ಹದಿಮೂರನ್ನು ಕರಿದು ತಿಂದಾಗಿತ್ತು.
ಉಳಿದೊಂದು, ಸಾಕ್ಷ್ಯವೆಂದು ಚೀಟಿ ಕಟ್ಟಿಸಿಕೊಂಡು
ಗುಮಾಸ್ತನ ಮೇಜಿನ ಮೇಲೆ ಗಂಭೀರವಾಗಿ ಕೂತಿತ್ತು.

ಪೀರ್ಬಕ್ಸನ ವಕೀಲ ಸಂಹಿತೆ ತೆರೆದ.
ಮುತ್ತಜ್ಜನ ಕಾಲದ ವಾಕ್ಯ, ಗಂಜಿ ಹಾಕಿದ ಕಾಲರು:
ಕೊಂಬೆಯಿಂದ ತಾನಾಗಿ ಉದುರಿದ್ದು
ಯಾರ ನೆಲಕ್ಕೆ ಬಿತ್ತೋ ಅವರದು.
ಅಷ್ಟೇ. ಯಾಕೆ ಎಂದು ಹೇಳುವುದಿಲ್ಲ.
ಪಂಕ್ತಿಯ ಹಿರಿಯರಂತೆ
ಹೇಳಿ ಮುಗಿಸಿ ಮೀಸೆ ಒರೆಸಿಕೊಳ್ಳುತ್ತದೆ.

ಮುದುಕಿಯ ಕಡೆಯ ಹುಡುಗಿ, ಲಂಡನ್ನಿನಲ್ಲಿ ಓದಿದವಳು,
ಸೇಬಿನ ಮರದ ಕತೆಯೊಂದನ್ನು ತೆಗೆದಳು.
ಇಂಗ್ಲೆಂಡಿನ ಯಾವುದೋ ತೋಟ, ಯಾವುದೋ ಮಂಜಿನ ಬೆಳಗು,
ಹಣ್ಣು ಎಲ್ಲಿಗೇ ಉರುಳಲಿ, ಮರದೊಡೆಯನದೇ ಹಣ್ಣು.
ಆ ನ್ಯಾಯಾಧೀಶ ಹೀಗಂದ, ಅವನ ಹಿಂದಿನವ ಹಾಗಂದಿದ್ದ,
ಒಬ್ಬೊಬ್ಬರೂ ಮುಂದಿನವರ ಹೆಗಲು ಹಿಡಿದು ಬಂದರು
ರಾತ್ರಿ ಹಳ್ಳ ದಾಟುವವರ ಹಾಗೆ.

ನಡುವೆ ಕ್ವಿಬೆಕ್‌ನಿಂದಲೂ ಒಂದು ಕೊಂಬೆ ಬಂತು,
ಹಿಮದ ಭಾರಕ್ಕೆ ಮುರಿದದ್ದು.
ಅಲ್ಲಿಯೂ ನಮ್ಮ ಹಾಗೇ ಅಂತೆ,
ಅಡುಗೆಮನೆಯಲ್ಲಿ ಫ್ರೆಂಚು, ಪಡಸಾಲೆಯಲ್ಲಿ ಇಂಗ್ಲಿಷು.
ಹಿಮವನ್ನೇ ಕಂಡಿರದ ನಮ್ಮ ಮ್ಯಾಜಿಸ್ಟ್ರೇಟಮ್ಮ
ನಿಂತ ಫ್ಯಾನಿನತ್ತ ನೋಡಿ ಬೆವರೊರೆಸಿಕೊಂಡರು.

ಮಾರಿಷಸ್ಸನ್ನು ಗೆದ್ದ ದಿನ ಇಂಗ್ಲಿಷರು ಹೇಳಿದರಂತೆ:
ದ್ವೀಪ ನಮಗೆ, ನಿಮ್ಮ ಕಾನೂನು ನಿಮಗೇ ಇರಲಿ.
ಆಮೇಲೆ ಸದ್ದಿಲ್ಲದೆ ಕುರ್ಚಿ ತಂದರು, ಕರಿ ಗೌನು ತಂದರು,
ಸಾಕ್ಷಿಯ ಬಾಯಿ ಕೆದಕುವ ಪಾಟೀಸವಾಲು ತಂದರು.
ಎರಡು ದೋಣಿಯಲ್ಲಿ ಕಾಲಿಡಬೇಡ ಅನ್ನುತ್ತಾರೆ.
ದಡದಲ್ಲಿರುವವರ ಮಾತು ಅದು.
ನಾವು ಹುಟ್ಟಿದ್ದೇ ಹಾಗೆ ನಿಂತುಕೊಂಡು.

ಕೊನೆಗೆ ಎಲ್ಲವೂ ಬಂದು ನಿಂತದ್ದು ಒಂದು ಮಾತಿಗೆ.
ಪೀರ್ಬಕ್ಸನ ಮೊಮ್ಮಗ, ಹತ್ತು ವರ್ಷದವ,
ಆ ಸಂಜೆ ಕೊಂಬೆಯ ಕೆಳಗಿದ್ದವನು,
ಕಟಕಟೆಯ ಅಂಚು ಕೆರೆಯುತ್ತ ಗೊಣಗಿದ.
ಉದುರಿತು ಅಂದನೋ, ಉದುರಿಸಿದೆ ಅಂದನೋ?
ತುಟಿಯಲ್ಲೇ ಸತ್ತ ಒಂದು ಅಕ್ಷರ.
ಉದುರಿತು ಎಂದರೆ ಸಂಹಿತೆಗೆ ಸಂತೋಷ,
ಉದುರಿಸಿದೆ ಎಂದರೆ ಅದು ಬಾಯಿ ಮುಚ್ಚುತ್ತದೆ,
ಸೇಬಿನ ತೋಟದ ಬಾಗಿಲು ಕಿರ್ರೆನ್ನುತ್ತದೆ.
ಎಲ್ಲರೂ ನನ್ನ ಮುಖ ನೋಡಿದರು.
ಹುಡುಗನೂ ನೋಡಿದ.

ಬಿತ್ತು ಅಂದೆ, ಇಂಗ್ಲಿಷಿನಲ್ಲಿ.
ಸುಳ್ಳಲ್ಲ. ನಿಜವೆಂದು ಈಗ ಕೇಳಿದರೆ ಪ್ರಮಾಣ ಮಾಡಲಾರೆ.
ಅಡ್ಡಗೋಡೆಯ ಮೇಲಿಟ್ಟ ದೀಪ ನನ್ನ ಮಾತು;
ಬೇರೆ ಗೋಡೆಯನ್ನು ಯಾರೂ ಕಟ್ಟಿರಲಿಲ್ಲ.

ಹಣ್ಣು ಪೀರ್ಬಕ್ಸನದೆಂದಾಯಿತು. ಅಷ್ಟರಲ್ಲಿ
ಮೇಜಿನ ಮೇಲಿನ ಸಾಕ್ಷ್ಯ ಚೀಟಿ ಸಮೇತ ಕೊಳೆತಿತ್ತು.
ಗಡಿ ದಾಟಿದ ಬೇರು ಕಡಿಯುವುದಕ್ಕೂ ಒಂದು ಕಲಮಿದೆ.
ಗೆದ್ದ ಹುರುಪಿನಲ್ಲಿ ಅದನ್ನೂ ಕಡಿದ.

ನಮ್ಮ ದೀವಿಹಲಸಿಗೆ ಬೀಜವಿಲ್ಲ.
ಬೇರಿಗೆ ಎಲ್ಲಿ ಗಾಯವಾಯಿತೋ ಅಲ್ಲಿ ಚಿಗುರುತ್ತದೆ.
ನಿನ್ನೆ ಮೀನು ತರಲು ಹೋದವಳು ಇಣುಕಿದೆ:
ಪೀರ್ಬಕ್ಸನ ಅಂಗಳದಲ್ಲಿ ಗೇಣುದ್ದದ ಗಿಡ,
ಆ ಹುಡುಗ ಡಬ್ಬಿಯಲ್ಲಿ ನೀರು ಹಾಕುತ್ತಿದ್ದ.
ಗೋಡೆಯ ಈಚೆ ಯೊಲೆನ್, ಸೊಂಟಕ್ಕೆ ಕೈಯಿಟ್ಟು,
ಎಲೆಗಲ್ಲವೋ, ಬುಡಕ್ಕೆ ಹಾಕು, ಬುಡಕ್ಕೆ
ಎಂದು ಬೈಯುತ್ತಿದ್ದಳು.